ನೆಲದೊಳಗಿನ ಬಿಸಿ ಮತ್ತು ಲೆಕ್ಕದ ಪಂದ್ಯ

2025ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸರಕಾರದ ಇಂಡಿಯಾ ಎಐ ಮಿಷನ್ ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಿ ಒಂದು ಹೊಸ ಬಗೆಯ ಪಂದ್ಯವನ್ನು ಸಾರಿದವು. ಕರ್ನಾಟಕ ಮತ್ತು ಆಂಧ್ರಪ್ರದೇಶಗಳಿಗೆ ಸೇರಿದ 39,000 ಚದರ ಕಿಲೋಮೀಟರ್ ನೆಲದ ಅಡಿಯಲ್ಲಿ ಚಿನ್ನ, ತಾಮ್ರ, ವಜ್ರ, ವಿರಳ ಭೂಧಾತುಗಳು ಎಲ್ಲಿರಬಹುದೆಂದು ಗುರುತಿಸಬೇಕು. ಗುರುತಿಸುವವರು ಹಾರೆ, ಗುದ್ದಲಿಗಳನ್ನು ಮುಟ್ಟಬೇಕಾಗಿಲ್ಲ. ದಶಕಗಳಿಂದ ಭೂವಿಜ್ಞಾನಿಗಳು ಅಳೆದು ಬರೆದಿಟ್ಟ ಅಂಕಿಅಂಶಗಳನ್ನು ಗಣಕಯಂತ್ರಕ್ಕೆ ಉಣಿಸಿ, ಅದರಿಂದ ಉತ್ತರವನ್ನು ತೆಗೆಯಬೇಕು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಭೂಶಾಖ ಶಕ್ತಿಯ ರಾಷ್ಟ್ರೀಯ ನೀತಿಯನ್ನು ಹೊರಡಿಸಿತು. ನೆಲದೊಳಗಿನ ಬಿಸಿಯಿಂದ ವಿದ್ಯುತ್ತನ್ನು ಪಡೆಯುವುದು, ಕಟ್ಟಡಗಳನ್ನು ಬೆಚ್ಚಗೆ ಅಥವಾ ತಂಪಾಗಿ ಇಡುವುದು, ಕೈಬಿಟ್ಟ ತೈಲಬಾವಿಗಳನ್ನು ಈ ಕೆಲಸಕ್ಕೆ ಮರಳಿ ಬಳಸುವುದು ಮುಂತಾದವು ಆ ನೀತಿಯ ವಿಷಯಗಳು.

ಈ ಎರಡು ಸುದ್ದಿಗಳನ್ನು ಜೊತೆಗಿಟ್ಟು ನೋಡಿದರೆ ಮುಂದಿನ ದಿನಗಳ ದಾರಿ ಸ್ವಲ್ಪ ಕಾಣುತ್ತದೆ. ನೆಲದ ಅಡಿಯ ಸಂಪತ್ತನ್ನು ಹುಡುಕುವ ಕೆಲಸ ಅಂಕಿಗಳನ್ನು ಓದಬಲ್ಲವರ ಕೈಗೆ ಬರುತ್ತಿದೆ. ಆ ಕೆಲಸಕ್ಕೆ ಜನರನ್ನು ಆರಿಸಲು ಬಹಿರಂಗ ಪಂದ್ಯವೂ ಒಂದು ಬಾಗಿಲಾಗಿದೆ. ಕಂಬಂ ಕಣಿವೆಯ ಒಕ್ಕಲಿಗರ ಮತ್ತು ಕಪ್ಪಿಲಿಯರ ಮನೆಗಳಲ್ಲಿ, ದಿಂಡಿಗಲ್ ಕಡೆಯ ಅನುಪ್ಪರ ಹಳ್ಳಿಗಳಲ್ಲಿ, ಹೊಸೂರು, ತಾಳವಾಡಿ, ಕಾಸರಗೋಡುಗಳ ಕನ್ನಡ ಶಾಲೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಆ ಬಾಗಿಲಿನ ಒಳಗೆ ಹೋಗಬಲ್ಲರೆ? ಹೋಗುವಾಗ ಯಾವ ಎಚ್ಚರ ಬೇಕು? ಇವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಐದು ದೀಪಗಳಿಂದ ಪೂಗಾ ಕಣಿವೆಯವರೆಗೆ

ಭೂಮಿಯ ಒಡಲು ಬಿಸಿಯಾಗಿದೆ ಎಂಬುದನ್ನು ಬಿಸಿನೀರಿನ ಬುಗ್ಗೆಗಳನ್ನು ಕಂಡ ಹಿರಿಯರು ಬಲ್ಲವರೇ ಆಗಿದ್ದರು. ಅಂಥ ಬುಗ್ಗೆಗಳನ್ನು ತೀರ್ಥವೆಂದು ಕರೆದು ಪೂಜಿಸಿದರು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನ ಬಳಿ ಇರ್ದೆ ಗ್ರಾಮದಲ್ಲಿರುವ ಬೆಂದ್ರ್ ತೀರ್ಥ ಕಾಸರಗೋಡಿನ ವಾಚಕರಿಗೆ ಗೊತ್ತಿದ್ದೀತು. ತುಳುವಿನಲ್ಲಿ 'ಬೆಂದ್ರ್' ಎಂದರೆ ಬಿಸಿನೀರು. ಮುಟ್ಟಿದರೆ ಬೆಚ್ಚಗೆ ಹಿತವಾಗಿರುವ ಆ ನೀರಿನಿಂದ ವಿದ್ಯುತ್ತು ಹುಟ್ಟಲಾರದು. ಆದರೆ ನೆಲ ಕೆಳಗೆ ಬಿಸಿಯಾಗಿದೆಯೆಂಬುದಕ್ಕೆ ಅದು ಸಾಕ್ಷಿ.

ಈ ಬಿಸಿಯಿಂದ ಮೊದಲು ವಿದ್ಯುತ್ತನ್ನು ಪಡೆದದ್ದು ಇಟಲಿಯ ಲಾರ್ಡೆರೆಲ್ಲೊ ಎಂಬ ಊರಿನಲ್ಲಿ. 1904ರಲ್ಲಿ ಪಿಯೆರೊ ಜಿನೋರಿ ಕೋಂತಿ ಎಂಬ ಶ್ರೀಮಂತನು ನೆಲದಿಂದ ಏಳುತ್ತಿದ್ದ ಹಬೆಯ ಬಲದಿಂದ ಐದು ದೀಪಗಳನ್ನು ಬೆಳಗಿಸಿ ತೋರಿಸಿದನು. ನೂರ ಇಪ್ಪತ್ತು ವರ್ಷಗಳ ತರುವಾಯವೂ ಆ ಊರಿನಲ್ಲಿ ವಿದ್ಯುತ್ತಿನ ಉತ್ಪಾದನೆ ನಡೆಯುತ್ತಿದೆ. ಬಿಸಿಲು ಸಂಜೆಗೆ ಮುಗಿಯುತ್ತದೆ, ಗಾಳಿ ತನ್ನ ಕಾಲಕ್ಕೆ ಬೀಸುತ್ತದೆ. ನೆಲದ ಬಿಸಿಗೆ ಹಗಲಿರುಳಿನ ಭೇದವಿಲ್ಲ. ಇದು ಅದರ ದೊಡ್ಡ ಗುಣ.

ನಮ್ಮ ದೇಶದಲ್ಲಿ ಸುಮಾರು 340 ಬಿಸಿನೀರಿನ ಬುಗ್ಗೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪಟ್ಟಿಮಾಡಿದೆ. ಅವುಗಳಲ್ಲಿ ಹೆಚ್ಚು ಭರವಸೆಯದು ಲಡಾಖಿನ ಪೂಗಾ ಕಣಿವೆ. ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿರುವ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ನಾಡಿನಲ್ಲಿ ನೆಲದಿಂದ ಕುದಿನೀರು ಚಿಮ್ಮುತ್ತದೆ. 1970ರ ದಶಕದಲ್ಲಿಯೇ ಅಲ್ಲಿ ಪರೀಕ್ಷಾ ಬಾವಿಗಳನ್ನು ಕೊರೆಯಲಾಗಿತ್ತು. 2021ರ ಫೆಬ್ರವರಿಯಲ್ಲಿ ಓಎನ್‌ಜಿಸಿ ಸಂಸ್ಥೆಯು ಲಡಾಖಿನ ಆಡಳಿತದೊಡನೆ ಒಪ್ಪಂದ ಮಾಡಿಕೊಂಡು, ಮೊದಲ ಹಂತದಲ್ಲಿ ಒಂದು ಮೆಗಾವ್ಯಾಟಿನ ಸ್ಥಾವರವನ್ನು ಕಟ್ಟಲು ಹೊರಟಿತು. 2022ರಲ್ಲಿ ಕೊರೆಯುತ್ತಿದ್ದ ಬಾವಿಯಿಂದ ದ್ರವ ಹೊರಚಿಮ್ಮಿ ಹತ್ತಿರದ ತೊರೆಗೆ ಹರಿದಾಗ ಕೆಲಸವನ್ನು ನಿಲ್ಲಿಸಬೇಕಾಯಿತು. ತೆಲಂಗಾಣದ ಮಣುಗೂರಿನಲ್ಲಿ ಕಲ್ಲಿದ್ದಲನ್ನು ಹುಡುಕಲು ಕೊರೆದ ಬಾವಿಯಿಂದ ಬಿಸಿನೀರು ಬಂದುದನ್ನು ಉಪಯೋಗಿಸಿ ಸಿಂಗರೇಣಿ ಕಲ್ಲಿದ್ದಲು ಸಂಸ್ಥೆಯು 20 ಕಿಲೋವ್ಯಾಟಿನ ಪುಟ್ಟ ಸ್ಥಾವರವನ್ನು ನಿರ್ಮಿಸಿತು. ನಮ್ಮ ದೇಶದ ಸಾಧನೆ ಈವರೆಗೆ ಈ ಅಳತೆಯದು.

ಇಷ್ಟು ನಿಧಾನಕ್ಕೆ ಒಂದು ದೊಡ್ಡ ಕಾರಣವುಂಟು. ಬಾವಿ ಕೊರೆಯುವುದು ಬಹಳ ದುಬಾರಿಯ ಕೆಲಸ. ಒಂದು ಸಾವಿರ ಅಡಿಯ ಕೊಳವೆಬಾವಿ ಬರಿದಾದಾಗ ಒಬ್ಬ ರೈತನ ಮನೆಯಲ್ಲಿ ಏನಾಗುತ್ತದೆಂಬುದನ್ನು ತೇನಿ, ದಿಂಡಿಗಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಭೂಶಾಖಕ್ಕಾಗಿ ಕೊರೆಯುವ ಬಾವಿಗಳು ಎರಡು, ಮೂರು ಕಿಲೋಮೀಟರ್ ಆಳದವು. ಕೆಳಗೆ ಬಿಸಿ ಸಾಲದಿದ್ದರೆ, ಅಥವಾ ಬಿಸಿ ಇದ್ದು ನೀರು ಹರಿಯುವ ಬಿರುಕುಗಳು ಇಲ್ಲದಿದ್ದರೆ, ಹಾಕಿದ ಹಣವೆಲ್ಲ ಮಣ್ಣುಪಾಲು. ಆದುದರಿಂದ ಕೊರೆಯುವ ಮೊದಲೇ ಕೆಳಗಿನ ಸ್ಥಿತಿಯನ್ನು ಆದಷ್ಟು ಸರಿಯಾಗಿ ಅಂದಾಜು ಮಾಡಬೇಕು. ದತ್ತಾಂಶ ವಿಜ್ಞಾನ ಎಂದು ಈಗ ಕರೆಯುವ ಶಾಸ್ತ್ರಕ್ಕೆ ಇಲ್ಲಿ ಕೆಲಸ ಸಿಕ್ಕಿದ್ದು ಹೀಗೆ.

ಪಂದ್ಯದಲ್ಲಿ ನಡೆಯುವುದೇನು?

ಪೆಟ್ರೋಲಿಯಂ ಎಂಜಿನಿಯರರ ಅಂತಾರಾಷ್ಟ್ರೀಯ ಸಂಘವಾದ ಎಸ್‌ಪಿಇಯ ಯುರೋಪು ವಿಭಾಗವು ಕೆಲವು ವರ್ಷಗಳಿಂದ 'ಎನರ್ಜಿ ಜಿಯೋಹ್ಯಾಕಥಾನ್' ಎಂಬ ಸ್ಪರ್ಧೆಯನ್ನು ನಡೆಸಿದೆ. ಭೂಶಾಖದ ಸಮಸ್ಯೆಗಳನ್ನು ದತ್ತಾಂಶದ ನೆರವಿನಿಂದ ಬಿಡಿಸುವುದು ಅದರ ವಿಷಯ. ಮೊದಲು ಅಂತರಜಾಲದಲ್ಲಿ ಪಾಠಗಳು. ಆ ಬಳಿಕ ತಂಡಗಳ ನಡುವೆ ಪೈಪೋಟಿ. ಅಮೆರಿಕದ ಇಂಧನ ಇಲಾಖೆಯ ಆಶ್ರಯದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಯುವ ಭೂಶಾಖ ಸ್ಪರ್ಧೆ ಬೇರೊಂದು ಬಗೆಯದು: ಒಂದು ಊರನ್ನೋ ಒಂದು ಕಟ್ಟಡ ಸಮೂಹವನ್ನೋ ಆರಿಸಿಕೊಂಡು, ಅದನ್ನು ನೆಲದ ಶಾಖದಿಂದ ಬೆಚ್ಚಗೆ ಮತ್ತು ತಂಪಾಗಿ ಇಡುವ ಯೋಜನೆಯನ್ನು ತಂಡವು ಸಿದ್ಧಪಡಿಸಬೇಕು.

ಇಂಥ ಪಂದ್ಯಗಳಲ್ಲಿ ಬರುವ ಒಂದು ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಒಳಗಿನ ಕೆಲಸ ತಿಳಿಯುತ್ತದೆ. ಆಳದ ಬಾವಿಯನ್ನು ಕೊರೆಯುವಾಗ ಕೊರೆಯಂತ್ರ ಬಿಸಿಯಾಗದಂತೆ ಒಂದು ಬಗೆಯ ಕೆಸರು ನೀರನ್ನು ಸತತವಾಗಿ ಒಳಕ್ಕೆ ಹಾಯಿಸುತ್ತಾರೆ. ಆ ನೀರು ಸುತ್ತಲಿನ ಕಲ್ಲನ್ನು ತಣಿಸುತ್ತದೆ. ಕೊರೆದಾದ ಕೂಡಲೆ ತಾಪಮಾಪಕವನ್ನು ಕೆಳಗಿಳಿಸಿದರೆ ಕಲ್ಲಿನ ನಿಜವಾದ ಬಿಸಿಗಿಂತ ಕಡಿಮೆಯ ಅಂಕಿ ಸಿಗುತ್ತದೆ. ಕಾದ ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿದ ಕ್ಷಣದಲ್ಲಿ ಬೆರಳಿಟ್ಟು, ಕಲ್ಲು ಇಷ್ಟೇ ಬಿಸಿಯೆಂದು ತೀರ್ಮಾನಿಸಿದಂತೆ ಅದು. ಕಲ್ಲು ತನ್ನ ಮೊದಲಿನ ಬಿಸಿಗೆ ಮರಳಲು ಬಹಳ ದಿನ ಬೇಕು. ಅಷ್ಟು ದಿನ ಬಾವಿಯನ್ನು ಸುಮ್ಮನೆ ಬಿಟ್ಟಿರಲು ಯಾರೂ ಒಪ್ಪುವುದಿಲ್ಲ. ಆಳ, ಕಲ್ಲಿನ ಜಾತಿ, ಕೊರೆದ ಅವಧಿ, ಕೊರೆತ ನಿಂತು ಎಷ್ಟು ಹೊತ್ತಾಯಿತು ಎಂಬ ವಿವರಗಳಿಂದ ನಿಜವಾದ ತಾಪವನ್ನು ಕಂಡುಹಿಡಿಯಬೇಕು.

ಸ್ಪರ್ಧೆಯನ್ನು ನಡೆಸುವವರು ನೂರಾರು ಹಳೆಯ ಬಾವಿಗಳ ವಿವರಗಳನ್ನು ಉತ್ತರದ ಸಹಿತ ಕೊಡುತ್ತಾರೆ. ಸ್ಪರ್ಧಿಯು ಅವುಗಳಿಂದ ನಿಯಮವೊಂದನ್ನು ಕಂಡುಕೊಂಡು, ಅದನ್ನು ಗಣಕಕ್ಕೆ ಕಲಿಸಬೇಕು. ಬಳಿಕ ಉತ್ತರವನ್ನು ಮುಚ್ಚಿಟ್ಟ ಬೇರೆ ಕೆಲವು ಬಾವಿಗಳ ವಿವರಗಳನ್ನು ಕೊಡುತ್ತಾರೆ. ಅವುಗಳ ತಾಪವನ್ನು ಯಾರ ನಿಯಮವು ಕಡಿಮೆ ತಪ್ಪಿನಿಂದ ಹೇಳುತ್ತದೆಯೋ ಅವರಿಗೆ ಗೆಲುವು.

ಇಲ್ಲಿ ಶಾಲೆಯ ಮಕ್ಕಳಿಗೂ ಅರ್ಥವಾಗುವ ಒಂದು ತತ್ತ್ವವಿದೆ. ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರಗಳನ್ನು ಉರುಹೊಡೆದ ವಿದ್ಯಾರ್ಥಿ ಹಳೆಯ ಪ್ರಶ್ನೆಗಳೇ ಬಂದಾಗ ನೂರಕ್ಕೆ ನೂರು ಪಡೆಯುತ್ತಾನೆ. ಪ್ರಶ್ನೆ ಸ್ವಲ್ಪ ತಿರುಗಿ ಬಂದರೆ ತಬ್ಬಿಬ್ಬಾಗುತ್ತಾನೆ. ಗಣಕವೂ ಹಾಗೆಯೇ ಕೊಟ್ಟ ಉದಾಹರಣೆಗಳನ್ನು ಉರುಹೊಡೆಯಬಲ್ಲದು. ಉರುಹೊಡೆದ ಗಣಕ ಯಾವುದು, ತಿಳಿದುಕೊಂಡ ಗಣಕ ಯಾವುದು ಎಂಬುದನ್ನು ಬೇರ್ಪಡಿಸಲೆಂದೇ ಆ ಮುಚ್ಚಿಟ್ಟ ಉತ್ತರಗಳಿರುವುದು.

ಇನ್ನೊಂದು ಪ್ರಶ್ನೆ ಭೂಕಂಪದ್ದು. ಒಣ ಕಲ್ಲಿನೊಳಕ್ಕೆ ನೀರನ್ನು ಒತ್ತಡದಿಂದ ನುಗ್ಗಿಸಿ ಬಿಸಿಯನ್ನು ಹೊರತೆಗೆಯುವ ವಿಧಾನದಲ್ಲಿ ನೆಲ ನಡುಗುವ ಅಪಾಯವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರಲ್ಲಿ ಇದರಿಂದಲೇ ನೆಲ ನಡುಗಿ ಯೋಜನೆ ನಿಂತಿತು. ದಕ್ಷಿಣ ಕೊರಿಯದ ಪೋಹಾಂಗ್ ನಗರದಲ್ಲಿ 2017ರ ನವೆಂಬರಿನಲ್ಲಿ ಸಂಭವಿಸಿದ, 5ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಕ್ಕೂ ಸಮೀಪದ ಭೂಶಾಖ ಯೋಜನೆಗೂ ಸಂಬಂಧವಿದೆಯೆಂದು ಆ ದೇಶದ ಸರಕಾರ ನೇಮಿಸಿದ ತಜ್ಞರು 2019ರಲ್ಲಿ ವರದಿ ಕೊಟ್ಟರು. ಅದೇ ವರ್ಷ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯವು ಕ್ಯಾಗಲ್ ಎಂಬ ತಾಣದಲ್ಲಿ ಒಂದು ಪಂದ್ಯವಿಟ್ಟು, ಪ್ರಯೋಗಾಲಯದಲ್ಲಿ ಉಂಟುಮಾಡಿದ ಸಣ್ಣ ಕಂಪನಗಳ ಸದ್ದನ್ನು ಕೇಳಿ ಮುಂದಿನ ಕಂಪನ ಯಾವಾಗ ಬರುವುದೆಂದು ಹೇಳುವಂತೆ ಕೇಳಿತು. ನಾಲ್ಕು ಸಾವಿರಕ್ಕೂ ಹೆಚ್ಚು ತಂಡಗಳು ಅದರಲ್ಲಿ ಭಾಗವಹಿಸಿದವು.

ನೆಲದೊಳಗಿನ ಅಳತೆಗಳು ಜನರ ಬಾಳಿಗೆ ಎಷ್ಟು ಹತ್ತಿರದವೆಂಬುದನ್ನು ಕಂಬಂ ಕಣಿವೆ ಬಲ್ಲದು. 1895ರಿಂದ ಈ ಕಣಿವೆಗೆ ನೀರುಣಿಸುತ್ತಿರುವ ಪೆರಿಯಾರ್ ಅಣೆಕಟ್ಟಿನ ಭದ್ರತೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ನ್ಯಾಯಮೂರ್ತಿ ಎ. ಎಸ್. ಆನಂದ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ, ಅದರ ಪರೀಕ್ಷೆಗಳ ವರದಿಯನ್ನು ನೋಡಿದ ಬಳಿಕ 2014ರ ಮೇ 7ರಂದು 142 ಅಡಿಯ ನೀರಿನ ಮಟ್ಟಕ್ಕೆ ಅನುಮತಿ ಕೊಟ್ಟಿತು. ಅಲ್ಲಿ ಭಾಷಣಗಳಿಗಿಂತ ಅಳತೆಗಳಿಗೆ ಹೆಚ್ಚು ತೂಕ ಬಂದಿತು. ಅಳತೆಯನ್ನು ಓದಬಲ್ಲವರು ನಮ್ಮ ಊರುಗಳಲ್ಲಿಯೂ ಇರಬೇಕೆನ್ನುವುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಕೋಲಾರದ ಆಳ, ಬೋಡಿಯ ಬೆಟ್ಟ

ಹಾಗಾದರೆ ತೇನಿ ಜಿಲ್ಲೆಯಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಬರುವುದುಂಟೆ? ಆಸೆಯನ್ನು ಹುಟ್ಟಿಸುವ ಮೊದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಲೆಕ್ಕಕ್ಕೆ ಬೇಕಾದ ಅಂಕಿಗಳು ಕನ್ನಡ ನಾಡಿನಲ್ಲಿಯೇ ಇವೆ.

2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದ ಚಿನ್ನದ ಗಣಿಯು ಮೂರು ಕಿಲೋಮೀಟರಿಗೂ ಆಳವಾಗಿತ್ತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತ್ತು. ಅದರ ತಳದಲ್ಲಿ ಕಲ್ಲಿನ ತಾಪ ಸುಮಾರು 65 ಡಿಗ್ರಿ ಸೆಲ್ಸಿಯಸ್. ಅಲ್ಲಿ ದುಡಿಯುವವರಿಗಾಗಿ ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ಕಳುಹಿಸಬೇಕಾಗಿತ್ತು. ಮೇಲ್ಮೈಯ ಸರಾಸರಿ ತಾಪ 25 ಡಿಗ್ರಿ ಎಂದು ಹಿಡಿದರೆ ಮೂರು ಕಿಲೋಮೀಟರಿಗೆ 40 ಡಿಗ್ರಿ ಏರಿದಂತಾಯಿತು. ಅಂದರೆ ಕಿಲೋಮೀಟರಿಗೆ 13 ಡಿಗ್ರಿಯಷ್ಟು. ಜಗತ್ತಿನ ಬೇರೆ ಭೂಖಂಡ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ದಕ್ಷಿಣ ಭಾರತದ ಕಲ್ಲು ಬಹಳ ಪುರಾತನವಾದುದು, ಇನ್ನೂರು ಮುನ್ನೂರು ಕೋಟಿ ವರ್ಷಗಳ ಹಿಂದಿನದು. ಅದರ ಬಿಸಿ ಬಹುಮಟ್ಟಿಗೆ ಆರಿದೆ. ವಿದ್ಯುತ್ತಿಗೆ 150 ಡಿಗ್ರಿ ಬೇಕೆಂದರೆ ಕೋಲಾರದ ಲೆಕ್ಕದಲ್ಲಿ ಒಂಬತ್ತು, ಹತ್ತು ಕಿಲೋಮೀಟರ್ ಕೊರೆಯಬೇಕು. ತೇನಿಯ ಬೆಟ್ಟಗಳೂ ಅಂಥದೇ ಹಳೆಯ ಕಲ್ಲಿನವು. ಆದುದರಿಂದ ಈ ಜಿಲ್ಲೆಗೆ ನೆಲದ ಬಿಸಿಯ ವಿದ್ಯುತ್ತು ಹತ್ತಿರದ ಮಾತಲ್ಲ. ನಾಳೆ ಯಾರಾದರೂ ಬಂದು ನಿಮ್ಮ ತೋಟದ ಅಡಿಯಲ್ಲಿ ಭೂಶಾಖವಿದೆ, ಷೇರು ಕೊಳ್ಳಿರಿ ಎಂದರೆ, ಈ ಎರಡು ಸಾಲಿನ ಲೆಕ್ಕವನ್ನು ಅವರ ಮುಂದಿಡಿರಿ.

ಆದರೂ ಕೋಲಾರಕ್ಕೂ ತೇನಿಗೂ ಒಂದು ಒಳನಂಟುಂಟು. 1965ರಲ್ಲಿ ಕೋಲಾರದ ಗಣಿಯ ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ, ವಾಯುಮಂಡಲದಲ್ಲಿ ಹುಟ್ಟಿ ನೆಲವನ್ನು ತೂರಿಬರುವ ನ್ಯೂಟ್ರಿನೊ ಎಂಬ ಕಣದ ಗುರುತನ್ನು ಕಂಡರು. ಗಣಿ ಮುಚ್ಚಿದ ಮೇಲೆ ಅಂಥ ಪ್ರಯೋಗಕ್ಕಾಗಿ ವಿಜ್ಞಾನಿಗಳು ಆರಿಸಿಕೊಂಡ ಜಾಗ ತೇನಿ ಜಿಲ್ಲೆಯ ಪೊಟ್ಟಿಪುರಂ ಬಳಿಯ ಬೋಡಿ ಪಶ್ಚಿಮ ಬೆಟ್ಟ. ಎಲ್ಲ ದಿಕ್ಕಿನಲ್ಲಿಯೂ ಒಂದು ಕಿಲೋಮೀಟರಿನಷ್ಟು ಗಟ್ಟಿ ಕಲ್ಲಿನ ಹೊದಿಕೆ ಇರುವುದು ಅದರ ವಿಶೇಷ. 2015ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ಕಾಡು, ನೀರು, ವನ್ಯಜೀವಿಗಳ ಸಂಚಾರದ ದಾರಿ ಇವುಗಳ ಬಗ್ಗೆ ಊರವರೂ ಪರಿಸರವಾದಿಗಳೂ ಆಕ್ಷೇಪವೆತ್ತಿದರು. ತಮಿಳುನಾಡು ಸರಕಾರವೂ ಸುಪ್ರೀಂ ಕೋರ್ಟಿನಲ್ಲಿ ತನ್ನ ವಿರೋಧವನ್ನು ತಿಳಿಸಿತು. ಸರಿ ತಪ್ಪುಗಳ ತೀರ್ಮಾನ ಇಲ್ಲಿ ಬೇಡ. ಒಂದು ಮಾತನ್ನು ಮಾತ್ರ ಗಮನಿಸಬೇಕು. ಬೆಟ್ಟದ ಒಳಗೆ ಏನಿದೆ, ಕೊರೆದರೆ ಏನಾಗುತ್ತದೆ ಎಂಬ ವಿವರಗಳು ಜನರ ಭಾಷೆಯಲ್ಲಿ, ಜನರ ಕೈಗೆ ಮೊದಲೇ ಬರದಿದ್ದರೆ ಆ ಜಾಗವನ್ನು ಭಯವೂ ವದಂತಿಯೂ ತುಂಬುತ್ತವೆ. ಇದು ನಾಳಿನ ಭೂಶಾಖ ಯೋಜನೆಗಳಿಗೂ ಅನ್ವಯಿಸುವ ಪಾಠ.

ನೆಲದ ಬಿಸಿಯಲ್ಲಿ ಹಿಂದಿರುವ ತೇನಿ ಗಾಳಿಯಲ್ಲಿ ಮುಂದಿದೆ. ಪಶ್ಚಿಮಘಟ್ಟದ ಕಣಿವೆಬಾಯಿಗಳ ಮೂಲಕ ಮುಂಗಾರಿನ ಗಾಳಿ ನುಗ್ಗಿಬರುವ ತಮಿಳುನಾಡಿನ ನಾಲ್ಕು ದಾರಿಗಳಲ್ಲಿ ಪಾಲಕ್ಕಾಡು, ಶೆಂಕೋಟೆ, ಆರಲ್‌ವಾಯ್‌ಮೊಳಿಗಳ ಜೊತೆಗೆ ಕಂಬಂ ಕೂಡ ಒಂದು. ನಾಳೆ ಯಾವ ಹೊತ್ತಿಗೆ ಎಷ್ಟು ಗಾಳಿ ಬೀಸೀತು ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕಿ ಹೇಳುವ ಕೆಲಸವನ್ನು ಚೆನ್ನೈಯ ರಾಷ್ಟ್ರೀಯ ಪವನಶಕ್ತಿ ಸಂಸ್ಥೆ ನಡೆಸುತ್ತಿದೆ. ಗಾಳಿಯಂತ್ರಗಳ ಕಂಬಗಳನ್ನು ದಿನವೂ ಕಾಣುವ ಮಗುವಿಗೆ, ಅವುಗಳ ಹಿಂದೆಯೂ ಇಂಥದೇ ಅಂಕಿಗಳ ಶಾಸ್ತ್ರವಿದೆಯೆಂದು ತಿಳಿಸಿದರೆ ವಿಷಯ ದೂರದ್ದೆನಿಸುವುದಿಲ್ಲ.

ಕೊಳವೆಬಾವಿಯೇ ಪಾಠಶಾಲೆ

ಆಳಕ್ಕೆ ಇಳಿದಂತೆ ಬಿಸಿ ಏರುತ್ತದೆಂಬುದನ್ನು ಪರೀಕ್ಷಿಸಲು ಲಡಾಖಿಗೆ ಹೋಗಬೇಕಾಗಿಲ್ಲ. ಕಂಬಂ, ದಿಂಡಿಗಲ್, ಕೋಲಾರಗಳ ಸುತ್ತ ಹೊಲಹೊಲಕ್ಕೂ ಕೊಳವೆಬಾವಿಗಳಿವೆ. ಆಳದ ಬಾವಿಯ ನೀರು ಮುಂಜಾನೆ ಬೆಚ್ಚಗೆ ಬರುವುದನ್ನು ರೈತರೆಲ್ಲ ಬಲ್ಲರು. ಸಾವಿರ ಅಡಿ ಎಂದರೆ ಸುಮಾರು 305 ಮೀಟರು. ಕಿಲೋಮೀಟರಿಗೆ 13 ಡಿಗ್ರಿಯಂತೆ ಲೆಕ್ಕಹಾಕಿದರೆ ಅಷ್ಟು ಆಳದಲ್ಲಿ ಕಲ್ಲು ಮೇಲಿಗಿಂತ 4 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿರಬೇಕು. ದಶಾಂಶ ತೋರಿಸುವ ಸಾಮಾನ್ಯ ಡಿಜಿಟಲ್ ತಾಪಮಾಪಕಕ್ಕೆ ಈ ವ್ಯತ್ಯಾಸ ಸಿಗುತ್ತದೆ.

ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಮಾಡಬಹುದಾದ ಕೆಲಸವಿದು. ಮೋಟಾರನ್ನು ಹಿರಿಯರೇ ಚಾಲೂ ಮಾಡಲಿ. ಕೊಳವೆಯಲ್ಲಿ ನಿಂತ ನೀರು ಹೊರಟುಹೋಗಲು ಇಪ್ಪತ್ತು ನಿಮಿಷ ಬಿಟ್ಟು, ನೀರು ಹೊರಬೀಳುವ ಬಾಯಿಯಲ್ಲಿಯೇ ತಾಪವನ್ನು ಅಳೆಯಬೇಕು. ನೋಟುಪುಸ್ತಕದಲ್ಲಿ ಆರು ಕಂಬಸಾಲುಗಳು: ಊರು, ಬಾವಿಯ ಆಳ, ಕೊರೆಯುವಾಗ ನೀರು ಸಿಕ್ಕ ಆಳ, ನೀರಿನ ತಾಪ, ಗಾಳಿಯ ತಾಪ, ಅಳೆದ ದಿನ ಮತ್ತು ಹೊತ್ತು. ಒಂದು ಶಾಲೆಯ ಮಕ್ಕಳು ಹತ್ತು ಬಾವಿಗಳನ್ನು ಅಳೆದರೆ ಹತ್ತು ಸಾಲುಗಳಾದವು. ಐದು ಶಾಲೆಗಳು ಸೇರಿದರೆ ಐವತ್ತು. ಚೌಕಳಿ ಹಾಳೆಯ ಮೇಲೆ ಅಡ್ಡಕ್ಕೆ ಆಳವನ್ನೂ ಉದ್ದಕ್ಕೆ ತಾಪವನ್ನೂ ಗುರುತಿಸಿ, ಚುಕ್ಕೆಗಳ ನಡುವೆ ಸರಳರೇಖೆಯನ್ನು ಎಳೆದರೆ ಆ ರೇಖೆಯ ಓರೆಯೇ ನಿಮ್ಮ ಊರಿನ ನೆಲದ ಬಿಸಿಯ ಏರಿಕೆ.

ಚುಕ್ಕೆಗಳೆಲ್ಲ ರೇಖೆಯ ಮೇಲೆ ಕೂರುವುದಿಲ್ಲ. ಏಕೆ ಕೂರುವುದಿಲ್ಲವೆಂದು ಕೇಳಿದಾಗಲೇ ನಿಜವಾದ ಕಲಿಕೆ ಆರಂಭ. ಸಾವಿರ ಅಡಿಯ ಬಾವಿಯಲ್ಲಿ ನೀರು ಮುನ್ನೂರು ಅಡಿಯ ಬಿರುಕಿನಿಂದ ಬರುತ್ತಿರಬಹುದು. ಮೋಟಾರಿನ ಬಿಸಿ ನೀರಿಗೆ ಸೇರಿರಬಹುದು. ಉದ್ದದ ಪೈಪು ಬಿಸಿಲಿಗೆ ಕಾದಿರಬಹುದು. ಆಳವನ್ನು ಯಜಮಾನರು ನೆನಪಿನಿಂದ ಹೇಳಿರಬಹುದು. ಇವನ್ನೆಲ್ಲ ವಿಚಾರಿಸಿ, ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಬದಿಗಿಡಬೇಕು, ಬದಿಗಿಟ್ಟುದಕ್ಕೆ ಕಾರಣವೇನು ಎಂದು ಬರೆಯುವುದು ದತ್ತಾಂಶ ವಿಜ್ಞಾನದ ಮುಕ್ಕಾಲು ಕೆಲಸ. ಪೂಗಾದ ಬಾವಿಯಲ್ಲಾಗಲಿ ಅಮೆರಿಕದ ಬಾವಿಯಲ್ಲಾಗಲಿ ತಜ್ಞರು ಎದುರಿಸುವ ತೊಡಕುಗಳು ಇದೇ ಜಾತಿಯವು. ತನ್ನ ಅಂಕಿಗಳಿಗೆ ಚೆನ್ನಾಗಿ ಹೊಂದುವಂತೆ ಕೆಲವು ಅಳತೆಗಳನ್ನು ಸದ್ದಿಲ್ಲದೆ ಅಳಿಸಿಹಾಕುವುದು ಮೋಸವೆಂಬುದನ್ನೂ ಮಕ್ಕಳಿಗೆ ಇಲ್ಲಿಯೇ ಕಲಿಸಬಹುದು.

ಸಹಿ ಹಾಕುವ ಮೊದಲು

ನ್ಯಾಯವಾದಿಯಾಗಿ ಹೆತ್ತವರಿಗೆ ನಾಲ್ಕು ಮಾತು ಹೇಳಬೇಕಾಗಿದೆ. ಪಂದ್ಯವೆಂದರೆ ಬಹುಮಾನ ಮಾತ್ರ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಒಂದು ಕರಾರು ಇರುತ್ತದೆ.

ಮೊದಲನೆಯದು ವಯಸ್ಸು. ಭಾರತೀಯ ಕರಾರು ಅಧಿನಿಯಮ, 1872ರ 11ನೆಯ ಕಲಮಿನ ಪ್ರಕಾರ ಪ್ರಾಪ್ತವಯಸ್ಕರಲ್ಲದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಕರಾರು ಮೂಲತಃ ಅಸಿಂಧುವೆಂದು ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲಿಯೇ ತೀರ್ಪಿತ್ತಿದೆ. ಹದಿನೆಂಟು ತುಂಬದ ಮಗುವು 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತುವುದರಿಂದ ನಿಯಮಗಳು ಅದನ್ನು ಕಟ್ಟಿಹಾಕಲಾರವು. ಅದೇ ಕಾರಣದಿಂದ ಬಹುಮಾನವನ್ನು ಕೇಳುವಾಗಲೂ ತೊಡಕು ಬರಬಹುದು. ವಯಸ್ಸನ್ನು ಸುಳ್ಳು ಹೇಳಿ ಸೇರಿಸುವುದು ಎಂದಿಗೂ ಕೂಡದು. ಮಕ್ಕಳಿಗೆಂದೇ ಇರುವ ವಿಭಾಗದಲ್ಲಿ, ಪೋಷಕರ ಇಲ್ಲವೆ ಶಾಲೆಯ ಮೂಲಕವೇ ಸೇರಿಸುವುದು ಸರಿಯಾದ ಕ್ರಮ.

ಎರಡನೆಯದು ಮಗುವಿನ ವೈಯಕ್ತಿಕ ವಿವರ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ 9ನೆಯ ಕಲಮು, ಹದಿನೆಂಟರೊಳಗಿನವರ ವಿವರಗಳನ್ನು ಬಳಸುವ ಮೊದಲು ತಂದೆತಾಯಿಯ ಅಥವಾ ಪೋಷಕರ ದೃಢಪಡಿಸಬಹುದಾದ ಒಪ್ಪಿಗೆ ಇರಬೇಕೆನ್ನುತ್ತದೆ. ಪಂದ್ಯದ ಅರ್ಜಿಯಲ್ಲಿ ಆಧಾರ್ ಸಂಖ್ಯೆ, ಮನೆಯ ವಿಳಾಸ, ಭಾವಚಿತ್ರ ಏಕೆ ಬೇಕೆಂದು ಕೇಳುವ ಹಕ್ಕು ನಿಮಗಿದೆ.

ಮೂರನೆಯದು ಒಡೆತನ. ಗಣಕದ ಕ್ರಮವಿಧಿಯು ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಸಾಹಿತ್ಯಕೃತಿ. ಬರೆದವನೇ ಸಾಮಾನ್ಯವಾಗಿ ಅದರ ಮೊದಲ ಒಡೆಯ. ಆ ಹಕ್ಕನ್ನು ಬೇರೊಬ್ಬರಿಗೆ ವಹಿಸಲು 19ನೆಯ ಕಲಮಿನಂತೆ ಸಹಿ ಸಹಿತವಾದ ಲಿಖಿತ ಬರಹ ಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಎಣಿಸಬೇಕು. ಕೆಲವು ಪಂದ್ಯಗಳಲ್ಲಿ ಗೆದ್ದವರ ಕ್ರಮವಿಧಿ ಮಾತ್ರ ಸಂಘಟಕರಿಗೆ ಸೇರುತ್ತದೆ. ಕೆಲವದರಲ್ಲಿ ಸೋತವರದೂ ಸೇರುತ್ತದೆ. ಯಾವುದೆಂದು ಓದಿ ತಿಳಿಯಬೇಕು. ಪೇಟೆಂಟು ಮಾಡಿಸಿಕೊಳ್ಳಬಹುದೆಂಬ ಆಸೆಯೂ ಮಿತಿಯಲ್ಲಿರಲಿ; ಬರಿಯ ಗಣಕ ಕ್ರಮವಿಧಿಗೂ ಗಣಿತ ಸೂತ್ರಕ್ಕೂ ಪೇಟೆಂಟು ಕೊಡಲಾಗದೆಂದು ಪೇಟೆಂಟು ಅಧಿನಿಯಮ, 1970ರ 3(ಕೆ) ಕಲಮು ಹೇಳುತ್ತದೆ.

ನಾಲ್ಕನೆಯದು ದತ್ತಾಂಶದ ಮೂಲ. ಸಾರ್ವಜನಿಕ ಹಣದಿಂದ ಸಂಗ್ರಹಿಸಿದ ಮಾಹಿತಿಯನ್ನು ಸಾರ್ವಜನಿಕರೊಡನೆ ಹಂಚಿಕೊಳ್ಳುವ ನೀತಿಯನ್ನು ಕೇಂದ್ರ ಸರಕಾರ 2012ರಲ್ಲಿಯೇ ಅಂಗೀಕರಿಸಿತು. ಭೂವೈಜ್ಞಾನಿಕ ಅಂಕಿಅಂಶಗಳ ರಾಷ್ಟ್ರೀಯ ಭಂಡಾರವನ್ನು ಗಣಿ ಸಚಿವಾಲಯವು 2023ರ ಡಿಸೆಂಬರಿನಲ್ಲಿ ತೆರೆಯಿತು. ಅಲ್ಲಿ ಸಿಗದ ದಾಖಲೆಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಹಾಕಬಹುದು. ಇನ್ನೊಬ್ಬರ ಹೊಲದ ಬಾವಿಯ ವಿವರವನ್ನು ಮಾತ್ರ ಅವರನ್ನು ಕೇಳಿಯೇ ಬರೆದುಕೊಳ್ಳಬೇಕು. ನೆಲದ ಅಡಿಯ ಸಂಪತ್ತು ಸಾಮಾನ್ಯವಾಗಿ ನೆಲದ ಒಡೆಯನನ್ನೇ ಅನುಸರಿಸುತ್ತದೆ, ಕಾನೂನಿನ ಕ್ರಮದಿಂದ ಕಸಿದುಕೊಂಡ ಹೊರತು ಅದು ಅವನದೇ ಎಂದು ಕೇರಳದ ಥ್ರೇಸ್ಯಮ್ಮ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಆ ಮಾತು ಖನಿಜಕ್ಕೆ ಸಂಬಂಧಿಸಿದುದು. ನೆಲದ ಬಿಸಿ ಖನಿಜವೋ ಅಲ್ಲವೋ ಎಂಬ ಪ್ರಶ್ನೆಯನ್ನು ನಾಳಿನ ವಕೀಲರು ವಾದಿಸುವರು. ಆ ವಕೀಲರಲ್ಲಿ ನಮ್ಮ ಮಕ್ಕಳೂ ಇರಲಿ.

ಭಾಷೆಯ ಪ್ರಶ್ನೆ

ಇಷ್ಟನ್ನು ಓದಿದ ತಾಯಿಯೊಬ್ಬರು, ಇವೆಲ್ಲ ಇಂಗ್ಲಿಷಿನಲ್ಲಿ ನಡೆಯುವ ಪಂದ್ಯಗಳು, ಕನ್ನಡ ಶಾಲೆಗೆ ಕಳುಹಿಸಿ ನಾವು ಮಕ್ಕಳನ್ನು ಹಿಂದುಳಿಸಿದೆವೇನೋ ಎಂದು ಕೇಳಿದರೆ ಅದು ನ್ಯಾಯವಾದ ಚಿಂತೆಯೇ. ನಿಯಮಗಳು, ಪಾಠಗಳು, ಚರ್ಚೆಗಳು ಹೆಚ್ಚಿನಂಶ ಇಂಗ್ಲಿಷಿನಲ್ಲಿವೆ. ಗಣಕದ ಕ್ರಮವಿಧಿಯ ಪದಗಳೂ ಇಂಗ್ಲಿಷಿನವು. ಅದನ್ನು ಕಲಿಯಲೇಬೇಕು, ಕಲಿಯಲು ಹತ್ತನೆಯ ತರಗತಿಯವರೆಗೂ ಕಾಯಬಾರದು.

ಆದರೆ ಪಂದ್ಯದಲ್ಲಿ ಗೆಲ್ಲಿಸುವ ಶಕ್ತಿ ಬೇರೆ ಕಡೆ ಇದೆ. ಸರಾಸರಿ ಎಂದರೇನು, ಅದು ಯಾವಾಗ ಮೋಸಮಾಡುತ್ತದೆ, ಎರಡು ಸಂಗತಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆ, ಈ ಅಂಕಿಯನ್ನು ಯಾರು ಯಾವಾಗ ಅಳೆದರು ಎಂಬ ಪ್ರಶ್ನೆಗಳು ಮಗುವಿನ ಮನಸ್ಸಿನಲ್ಲಿ ತಾವಾಗಿಯೇ ಏಳಬೇಕು. ಅವು ಏಳುವುದು ಮನೆಯಲ್ಲಿ ಆಡುವ ಭಾಷೆಯಲ್ಲಿ. ಆ ಭಾಷೆಯಲ್ಲಿ ಯೋಚಿಸಲು ಕಲಿತ ಮಗು ಇಂಗ್ಲಿಷಿನ ಪದಗಳನ್ನು ಆಮೇಲೆ ಕೂಡಿಸಿಕೊಳ್ಳಬಲ್ಲದು. ಪದಗಳನ್ನು ಮಾತ್ರ ಉರುಹೊಡೆದ ಮಗುವಿಗೆ ಯೋಚನೆಯನ್ನು ಆಮೇಲೆ ಕೂಡಿಸುವುದು ಕಷ್ಟ.

ಇದನ್ನು ಬಲ್ಲ ವೇದಿಕೆಗಳೂ ಉಂಟು. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಆರಿಸಿಕೊಂಡು ತಮ್ಮ ಭಾಷೆಯಲ್ಲಿ ಮಂಡಿಸುತ್ತ ಬಂದಿದ್ದಾರೆ. ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಶಾಲೆಯ ಮೂಲಕ ಹೋದ ವಿಚಾರ ಆಯ್ಕೆಯಾದರೆ ಮಗುವಿಗೆ 10,000 ರೂಪಾಯಿ ದೊರೆಯುತ್ತದೆ. ಕೊಳವೆಬಾವಿಯ ನೋಟುಪುಸ್ತಕವನ್ನು ಇಂಥ ಕಡೆ ಮೊದಲು ಒಯ್ಯಬಹುದು. ಕಾಲೇಜು ಸೇರಿದ ಮೇಲೆ ದೊಡ್ಡ ಪಂದ್ಯಗಳು ಇದ್ದೇ ಇವೆ.

ಕಂಬಂ ಕಣಿವೆಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅಲ್ಲಿಯ ನಮ್ಮವರು ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ದನಕರುಗಳೊಡನೆ ದಕ್ಷಿಣಕ್ಕೆ ಇಳಿದವರು. ಕಂಬಂ ಊರಿನಲ್ಲಿ ಒಕ್ಕಲಿಗರು ಕಾಪಾಡಿಕೊಂಡು ಬಂದಿರುವ ನಂದಗೋಪಾಲ ತಂಬಿರಾನ್ ದನದ ತೊಳುವಿನಲ್ಲಿ ಮಾಟ್ಟುಪ್ಪೊಂಗಲಿನಂದು ಇಂದಿಗೂ ಜನ ಸೇರುತ್ತಾರೆ. ಮನೆಯಲ್ಲಿ ಕನ್ನಡದ ಮಾತು ಉಳಿದಿದೆ. ಬರಹ, ಶಾಲೆ, ವ್ಯವಹಾರಗಳು ತಮಿಳಿನವು. ಆ ಮಕ್ಕಳು ಬಾವಿಯ ಅಳತೆಯನ್ನು ತಮಿಳಿನಲ್ಲಿ ಬರೆದರೂ ತಪ್ಪೇನಿಲ್ಲ. ಅಜ್ಜಿಯನ್ನು ಕನ್ನಡದಲ್ಲಿ ಕೇಳಿ, ಶಾಲೆಯಲ್ಲಿ ತಮಿಳಿನಲ್ಲಿ ಬರೆದು, ಮುಂದೆ ಇಂಗ್ಲಿಷಿನಲ್ಲಿ ಮಂಡಿಸುವ ಮಗು ಮೂರು ಭಾಷೆಗಳಲ್ಲಿ ಒಂದೇ ಸತ್ಯವನ್ನು ಪರೀಕ್ಷಿಸುತ್ತದೆ. ಅದು ಕೊರತೆಯೆಂದು ಯಾರೂ ಹೇಳಲಾರರು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಮಗುವಿನ ಪರವಾಗಿ ಹೆತ್ತವರದೆಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪಿತ್ತಿದೆ. ಅಂದ ಮೇಲೆ ಕನ್ನಡ ಶಾಲೆ ಉಳಿಯುವುದು ಹೆತ್ತವರ ನಂಬಿಕೆಯ ಮೇಲೆ. ಈ ಶಾಲೆಯಿಂದಲೂ ಹೊಸ ವಿದ್ಯೆಗೆ ದಾರಿಯಿದೆಯೆಂದು ಕಣ್ಣಾರೆ ಕಂಡಾಗ ಮಾತ್ರ ಆ ನಂಬಿಕೆ ನಿಲ್ಲುತ್ತದೆ. ಅಭಿಮಾನದ ಮಾತಿನಿಂದ ಹೆಚ್ಚು ದಿನ ನಿಲ್ಲದು. ಆ ದಾರಿಯನ್ನು ತೋರಿಸುವ ಹೊಣೆ ಶಿಕ್ಷಕರದು, ಹಳೆಯ ವಿದ್ಯಾರ್ಥಿಗಳದು, ನಮ್ಮಂಥ ಪತ್ರಿಕೆಗಳದು.

ಬೇಸಗೆಯ ರಜೆ ಬರುವ ಮುನ್ನ ಒಂದು ತಾಪಮಾಪಕವನ್ನೂ ಒಂದು ಚೌಕಳಿ ಪುಸ್ತಕವನ್ನೂ ಶಾಲೆಗೆ ಕೊಂಡುಕೊಡಲು ದೊಡ್ಡ ಹಣವೇನೂ ಬೇಡ. ಮೊದಲನೆಯ ಬಾವಿ ನಿಮ್ಮದೇ ಆಗಲಿ.